ಟೀಪಾಯಿ ಸರಿಸೋರು ಯಾರು?

2010ರ ಡಿಸೆಂಬರ್. ಸೋಮವಾರ ಬೆಳಗ್ಗೆ ಅಂಗಡಿಯ ಶಟರ್ ಎತ್ತಿ ಊದಿನಕಡ್ಡಿ ಹಚ್ಚುತ್ತಿದ್ದೆ, ಅಷ್ಟರಲ್ಲೇ ಫೋನ್ ಬಂತು.

"ಏನ್ ಸರ್, ನಿಮ್ಮ ಅಂಗಡೀಲಿ ಅಷ್ಟು ಚೆನ್ನಾಗಿ ಆಡ್ತಿತ್ತು. ನಮ್ಮನೇಲಿ ಹಿಂದೆ ಹೋಗಿ, ಹಿಂದೆ ಹೋಗಿ ಅಂತಾನೇ ತೋರಿಸ್ತಿದೆ. ಹಿಂದೆ ಗೋಡೆ ಇದೆ, ಇನ್ನೆಲ್ಲಿಗೆ ಹೋಗ್ಲಿ?"

ಶನಿವಾರ ಸಂಜೆ ಅವರಿಗೆ ಕಿನೆಕ್ಟ್ ಅನ್ನೋ ವಿಡಿಯೋ ಗೇಮ್ ಸಾಮಾನು ಮಾರಿದವನು ನಾನೇ. ಸಂಜೆ ಬಂದು ನೋಡ್ತೀನಿ ಸರ್ ಅಂದೆ. ಆ ಸಂಜೆ ಅವರ ಮನೆಯಲ್ಲಿ ಕಂಡದ್ದು ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಾನು ಜಯನಗರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಡೆಮೋ ಕೊಡುತ್ತಿದ್ದೆ. ಕಿನೆಕ್ಟ್ ಬಂದು ಒಂದು ತಿಂಗಳಾಗಿತ್ತು ಅಷ್ಟೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ಮೈಕ್ರೋಸಾಫ್ಟ್‌ನ ಗೇಮ್ ಮಷೀನು ಎಕ್ಸ್‌ಬಾಕ್ಸ್ 360ಕ್ಕೆ ಜೋಡಿಸುವ ಒಂದು ಉದ್ದನೆಯ ಕಪ್ಪು ಪಟ್ಟಿ, ಟಿವಿ ಹತ್ತಿರ ಇಡಬೇಕು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಚುಕ್ಕಿ ಚುಕ್ಕಿಯಾಗಿ ರೂಮಿನ ತುಂಬ ಚೆಲ್ಲುತ್ತದೆ, ಆ ಚುಕ್ಕಿಗಳನ್ನು ನೋಡಿ ಯಾರು ಎಷ್ಟು ದೂರದಲ್ಲಿದ್ದಾರೆ, ಕೈ ಎಲ್ಲಿ, ಮೊಣಕಾಲು ಎಲ್ಲಿ ಅಂತ ಲೆಕ್ಕ ಹಾಕುತ್ತದೆ. ಒಬ್ಬೊಬ್ಬರ ಮೈಯಲ್ಲಿ 20 ಜಾಗಗಳನ್ನು ಹಿಂಬಾಲಿಸುತ್ತದೆ. ಆಡುವವರ ಕೈಯಲ್ಲಿ ಏನೂ ಇರುವುದಿಲ್ಲ.

ಈ "ಏನೂ ಇರುವುದಿಲ್ಲ" ಅನ್ನೋದೇ ದೊಡ್ಡ ವಿಷಯ. ಅದಕ್ಕೆ ಮುಂಚೆ ವರ್ಷಗಟ್ಟಲೆ ನಾನು ಒಂದೇ ದೃಶ್ಯ ನೋಡಿದ್ದೆ. ಮಗ ಆಡುತ್ತಾನೆ, ಅಪ್ಪ ಬಿಲ್ ಕಟ್ಟುತ್ತಾರೆ, ಅಮ್ಮ ಪಕ್ಕದಲ್ಲಿ ಬ್ಯಾಗ್ ಹಿಡಿದು ನಿಲ್ಲುತ್ತಾರೆ. ಕಂಟ್ರೋಲರ್ ಕೊಟ್ಟರೆ ಅದರ ಮೇಲಿರುವ ಬಟನ್‌ಗಳನ್ನು ನೋಡಿಯೇ "ಇದೆಲ್ಲ ನಂಗ್ ಬರಲ್ಲಪ್ಪ" ಅಂತ ವಾಪಸ್ ಕೊಡುತ್ತಿದ್ದರು. ಇದನ್ನು ಮೊದಲು ಮುರಿದದ್ದು ನಿಂಟೆಂಡೊ ಕಂಪನಿ, 2006ರ ನವೆಂಬರಿನಲ್ಲಿ ಬಂದ ಅದರ ವೀ ಅನ್ನೋ ಗೇಮ್ ಮಷೀನು. ರಿಮೋಟ್ ಥರದ್ದನ್ನು ಹಿಡಿದು ಬೀಸಿದರೆ ಸಾಕು, ಟೆನಿಸ್ ಆಡಬಹುದಿತ್ತು. ನಮ್ಮ ಅಂಗಡಿಗೆ ವೀ ತರುತ್ತಿದ್ದವರು ಹೆಚ್ಚಾಗಿ ಅಮೆರಿಕದಲ್ಲಿ ಮಕ್ಕಳಿದ್ದ ಹಿರಿಯರು. ಅಲ್ಲಿಂದ ಬಂದ ಅಡಾಪ್ಟರ್ 120 ವೋಲ್ಟಿನದು, ಇಲ್ಲಿ ಸೀದಾ ಪ್ಲಗ್ಗಿಗೆ ಹಾಕಿ ಸುಟ್ಟುಕೊಂಡು ಬರುತ್ತಿದ್ದರು. ಅಡಾಪ್ಟರ್ ಹೋಯಿತು ಅಂತ ಹೇಳಿದಾಗ ಅವರ ಮುಖ ನೋಡಬೇಕಿತ್ತು, ಮೊಮ್ಮಕ್ಕಳ ಆಟದ ಸಾಮಾನು ಕೆಟ್ಟುಹೋಯಿತು ಅನ್ನೋ ಬೇಜಾರಲ್ಲ ಅದು, ತಮ್ಮದೇ ಸಾಮಾನು ಕೆಟ್ಟ ಬೇಜಾರು. ಅವರೇ ಆಡುತ್ತಿದ್ದರು!

ಆದ್ದರಿಂದ ಮನೆಮಂದಿಗೆ ಈ ಆಟ ಹಿಡಿಸುತ್ತಾ ಅಂತ ಯಾರಾದರೂ ಕೇಳಿದರೆ, ಹಿಡಿಸುತ್ತೆ ಅಂತ ಒಂದು ಕ್ಷಣವೂ ಯೋಚಿಸದೆ ಹೇಳುತ್ತೇನೆ. ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ನಮ್ಮ ಡೆಮೋ ಜಾಗ ಹತ್ತಡಿ ಹತ್ತಡಿ ಇತ್ತು. ಖಾಲಿ ಗೋಡೆ, ಒಂದು ಟಿವಿ, ಕೆಳಗೆ ಮ್ಯಾಟ್. ಕಿನೆಕ್ಟ್ ಜೊತೆಗೇ ಬರುತ್ತಿದ್ದ ಕಿನೆಕ್ಟ್ ಅಡ್ವೆಂಚರ್ಸ್‌ನಲ್ಲಿ ಒಂದು ತೆಪ್ಪದ ಆಟ ಇದೆ. ಇಬ್ಬರು ಅಕ್ಕಪಕ್ಕ ನಿಲ್ಲಬೇಕು, ಎಡಕ್ಕೆ ಸರಿದರೆ ತೆಪ್ಪ ಎಡಕ್ಕೆ ಹೋಗುತ್ತದೆ, ಇಬ್ಬರೂ ನೆಗೆದರೆ ತೆಪ್ಪವೂ ನೆಗೆಯುತ್ತದೆ. ಮೊದಲು ಮಕ್ಕಳನ್ನು ನಿಲ್ಲಿಸುತ್ತಿದ್ದೆ. ಒಂದು ಸುತ್ತು ಆದಮೇಲೆ ಮಗು ತಾನಾಗೇ ಅಮ್ಮನ ಕೈ ಹಿಡಿದು ಎಳೆಯುತ್ತಿತ್ತು. ಅಮ್ಮ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುತ್ತ ಯಾರಾದರೂ ನೋಡುತ್ತಿದ್ದಾರಾ ಅಂತ ಒಮ್ಮೆ ಕಣ್ಣಾಡಿಸಿ ನಿಲ್ಲುತ್ತಿದ್ದರು. ಅರ್ಧ ನಿಮಿಷಕ್ಕೆ ಸುತ್ತಲಿನವರನ್ನು ಮರೆಯುತ್ತಿದ್ದರು. ಆಟ ಮುಗಿದ ಮೇಲೆ ಮಷೀನು ತಾನೇ ಮಧ್ಯೆ ಮಧ್ಯೆ ತೆಗೆದ ಫೋಟೋಗಳನ್ನು ಟಿವಿಯಲ್ಲಿ ತೋರಿಸುತ್ತದೆ. ಬಾಯಿ ತೆರೆದುಕೊಂಡು, ಕೈ ಮೇಲೆತ್ತಿ, ನೆಲದಿಂದ ಅರ್ಧ ಅಡಿ ಮೇಲೆ ಇರುವ ಅಮ್ಮ! ಮನೆಯವರೆಲ್ಲ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಆ ಫೋಟೋ ಬಂದಾಗಲೇ ಅಪ್ಪ "ಎಷ್ಟು ಇದಕ್ಕೆ?" ಅಂತ ಕೇಳುತ್ತಿದ್ದದ್ದು. ನಾನು ಬಾಯಿ ಬಿಟ್ಟು ಹೊಗಳಬೇಕಾದ ಅಗತ್ಯವೇ ಇರಲಿಲ್ಲ.

ಫೋನ್ ಮಾಡಿದವರ ಮನೆಯವರೂ ಹೀಗೇ ನಕ್ಕು, ಹೀಗೇ ಕೊಂಡವರು.

ಗಿರಿನಗರದಲ್ಲಿ ಎರಡನೇ ಮಹಡಿ. ಒಳಗೆ ಕಾಲಿಟ್ಟ ತಕ್ಷಣ ಗೊತ್ತಾಯಿತು. ಒಂದು ಗೋಡೆಗೆ ಶೋಕೇಸ್, ಅದರ ಮಧ್ಯದ ಗೂಡಿನಲ್ಲಿ ಟಿವಿ. ಎದುರು ಗೋಡೆಗೆ ದಿವಾನ, ನಡುವೆ ಗಾಜಿನ ಟೀಪಾಯಿ. ಟೇಪ್ ಹಿಡಿದು ಅಳೆದೆ. ದಿವಾನದ ಅಂಚಿನವರೆಗೆ ಐದೂವರೆ ಅಡಿ. ಕಿನೆಕ್ಟ್‌ಗೆ ಒಬ್ಬರು ಆಡಲು ಸುಮಾರು ಆರಡಿ ದೂರ ಬೇಕು, ಇಬ್ಬರಿಗೆ ಎಂಟಡಿ. ಅದೂ ಬಾಕ್ಸಿನ ಜೊತೆ ಬಂದ ಕಾಗದದಲ್ಲೇ ಬರೆದಿತ್ತು, ನಾನು ಓದಿದ್ದೆ ಕೂಡ. ಆದರೆ ಶನಿವಾರ ನಾನು ಒಂದು ಮಾತೂ ಕೇಳಿರಲಿಲ್ಲ.

ನಾನು, ಆ ಸರ್, ಅವರ ಮಗ ಮೂವರೂ ಸೇರಿ ಟೀಪಾಯಿಯನ್ನು ಬೆಡ್‌ರೂಮಿಗೆ ಸಾಗಿಸಿದೆವು. ದಿವಾನ ಎತ್ತಿ ಪ್ಯಾಸೇಜಿಗೆ ಅಡ್ಡ ಇಟ್ಟೆವು, ಅಡುಗೆಮನೆಗೆ ಹೋಗುವ ದಾರಿ ಬಂದ್. ಶೋಕೇಸ್‌ನ ಒಳಗೆ ಇಟ್ಟಿದ್ದ ಸೆನ್ಸರನ್ನು ಹೊರಗಿನ ಹಲಗೆಗೆ ತಂದೆ. ಪಶ್ಚಿಮದ ಕಿಟಕಿಯಿಂದ ಬಿಸಿಲು ನೇರ ಬೀಳುತ್ತಿತ್ತು, ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಚುಕ್ಕಿಗಳು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಪರದೆ ಎಳೆದೆ. ಕೊನೆಗೆ ಮಗ ಒಬ್ಬನೇ ಆಡುವಷ್ಟು ಆಯಿತು. ಅವರು ತೊಗೊಂಡದ್ದು ಎಲ್ಲರೂ ಸೇರಿ ಆಡಲು ಅಲ್ವಾ?

ಅಜ್ಜಿ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. "ಏನಪ್ಪಾ, ನಾನೂ ಒಂದ್ಸಲ ನೋಡ್ಲಾ?" ಅಂದರು. ಬೌಲಿಂಗ್ ಹಾಕಿಕೊಟ್ಟೆ. ಪಕ್ಕಕ್ಕೆ ಕೈ ಚಾಚಿದರೆ ಚೆಂಡು ಕೈಗೆ ಬರುತ್ತದೆ, ಬೀಸಿದರೆ ಉರುಳುತ್ತದೆ. ಅಜ್ಜಿಯ ಸೀರೆ ಪಾದದವರೆಗೆ ಇತ್ತು, ಕಾಲು ಎಲ್ಲಿದೆ ಅಂತ ಅದಕ್ಕೆ ತಿಳಿಯದೆ ಟಿವಿಯಲ್ಲಿನ ಗೊಂಬೆಯ ಕಾಲು ಎತ್ತೆತ್ತಲೋ ತಿರುಚಿಕೊಳ್ಳುತ್ತಿತ್ತು. ಆದರೆ ಬೌಲಿಂಗ್‌ಗೆ ಕೈ ಸಾಕು. ಎರಡನೇ ಸಲಕ್ಕೇ ಎಂಟು ಪಿನ್ ಬಿದ್ದವು. ಅಜ್ಜಿ ಏನೂ ಹೇಳಲಿಲ್ಲ, ಮತ್ತೆ ಪಕ್ಕಕ್ಕೆ ಕೈ ಚಾಚಿದರು. ಆ ಚಾಚಿದ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಹುಡುಗ ತೆಪ್ಪದ ಆಟ ಹಾಕಿ ನಾಲ್ಕು ಸಲ ನೆಗೆದ. ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು.

ಬಾಕ್ಸ್ ಒಡೆದ ಮೇಲೆ ವಾಪಸ್ ತೊಗೊಳ್ಳಲ್ಲ ಅನ್ನೋದು ಅಂಗಡಿಯ ನಿಯಮ. ಮ್ಯಾನೇಜರ್ ಹತ್ತಿರ ಎರಡು ದಿನ ಮಾತಾಡಿದೆ, ತಪ್ಪು ನನ್ನದು, ಹಾಲ್ ಎಷ್ಟುದ್ದ ಅಂತ ನಾನೇ ಕೇಳಲಿಲ್ಲ ಅಂತ ಹೇಳಿದೆ. ಬೇರೆ ಸಾಮಾನಿಗೆ ಅಡ್ಜಸ್ಟ್ ಮಾಡಿಕೊಡೋಣ ಅಂತ ಒಪ್ಪಿದರು.

ಅಂದಿನಿಂದ ನಾನು ಮೊದಲು ಪ್ರಶ್ನೆ ಕೇಳಿ ಆಮೇಲೆ ಡೆಮೋ ತೋರಿಸುವುದು ಶುರುಮಾಡಿದೆ. ಟಿವಿ ಯಾವ ರೂಮಿನಲ್ಲಿದೆ, ಎದುರಿನ ಗೋಡೆ ಎಷ್ಟು ದೂರ, ನಡುವೆ ಏನಿದೆ, ಅದನ್ನು ದಿನಾ ಸರಿಸೋರು ಯಾರು, ಕೆಳಗಡೆ ಯಾರಿದ್ದಾರೆ. "ಟೀಪಾಯಿ ಸರಿಸೋರು ಯಾರು" ಅನ್ನೋದು ಸುಮ್ನೆ ಕೇಳಿದ ಹಾಗಿರುತ್ತದೆ, ಆದರೆ ನನ್ನ ಪ್ರಕಾರ ಅದೇ ಮುಖ್ಯ. ನನ್ನ ಸೇಲ್ಸ್ ಕಡಿಮೆ ಆಯಿತು, ಟಾರ್ಗೆಟ್ ಮೀಟಿಂಗಿನಲ್ಲಿ ಮಾತು ಕೇಳಿದ್ದೂ ಉಂಟು. ಆದರೆ ಬೆಳಗ್ಗೆ ಬರುವ ಆ ಥರದ ಫೋನ್‌ಗಳು ನಿಂತವು.

ಇನ್ನೊಂದು ಅಭ್ಯಾಸವನ್ನೂ ಮಾಡಿಕೊಂಡೆ. ಮಾರಿದ ಒಂದೆರಡು ತಿಂಗಳಿಗೆ ಫೋನ್ ಮಾಡಿ ಹೇಗಿದೆ ಅಂತ ವಿಚಾರಿಸುತ್ತಿದ್ದೆ. ಜಾಗ ಇದ್ದ ಮನೆಗಳಲ್ಲೂ ಎಷ್ಟೋ ಕಡೆ ಅದು ಧೂಳು ಹಿಡಿದಿತ್ತು. ನೆಂಟರು ಬಂದಾಗ ಆಡ್ತೀವಿ ಅನ್ನುತ್ತಿದ್ದರು. ಹೊಸ ಗೇಮ್ ಡಿಸ್ಕ್ ಕೊಳ್ಳಲು ಬಂದವರು ಬೆರಳೆಣಿಕೆಯಷ್ಟು ಜನ. ಇನ್ನೂ ಆಡುತ್ತಿದ್ದ ಮನೆಗಳಲ್ಲಿ ಒಂದು ಸಾಮಾನ್ಯ ಸಂಗತಿ ಇತ್ತು, ಆಟಕ್ಕೆ ಒಂದು ಹೊತ್ತು ಗೊತ್ತಾಗಿತ್ತು. ಒಬ್ಬರು ಗೃಹಿಣಿ ಮಕ್ಕಳು ಸ್ಕೂಲಿಗೆ ಹೋದಮೇಲೆ ವ್ಯಾಯಾಮಕ್ಕೆ ಹಾಕುತ್ತಿದ್ದರು. ಇನ್ನೊಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ದಿನಾ ಸಂಜೆ ಡಾನ್ಸ್ ಮಾಡುತ್ತಿದ್ದರು, ಡಾನ್ಸಿನ ಎರಡನೇ ಡಿಸ್ಕ್ ಕೇಳಿಕೊಂಡು ಬಂದವರು ಅವರೇ.

ದೊಡ್ಡ ಲೆಕ್ಕದಲ್ಲೂ ನನಗೆ ಇದೇ ಕಾಣುತ್ತದೆ. ಕಿನೆಕ್ಟ್ ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಮಾಡಿತು. 2013ರಲ್ಲಿ ಬಂದ ಮುಂದಿನ ಮಷೀನು ಎಕ್ಸ್‌ಬಾಕ್ಸ್ ಒನ್ ಜೊತೆ ಕಿನೆಕ್ಟ್‌ನ ಹೊಸ ಮಾದರಿಯನ್ನು ಕಡ್ಡಾಯವಾಗಿ ಕೊಟ್ಟರು, 499 ಡಾಲರ್. ಜನ ಅಷ್ಟು ಕೊಡಲು ಹಿಂದೆಮುಂದೆ ನೋಡಿದರು. 2014ರ ಜೂನ್‌ನಲ್ಲಿ ಕಿನೆಕ್ಟ್ ಇಲ್ಲದ ಪೆಟ್ಟಿಗೆ 399 ಡಾಲರಿಗೆ ಬಂತು, 2017ರಲ್ಲಿ ಕಿನೆಕ್ಟ್ ತಯಾರಿಕೆಯೇ ನಿಂತಿತು. ವೀ 10 ಕೋಟಿಗೂ ಹೆಚ್ಚು ಮಾರಾಟವಾಯಿತು, ಅಮೆರಿಕದ ವೃದ್ಧಾಶ್ರಮಗಳಲ್ಲಿ ಅದರ ಬೌಲಿಂಗ್ ಪಂದ್ಯಗಳೇ ನಡೆದವು. ಯಾಕೆಂದರೆ ವೀ ರಿಮೋಟನ್ನು ಕುರ್ಚಿಯಲ್ಲಿ ಕೂತೇ ಬೀಸಬಹುದು, ಸೀರೆ ಉಟ್ಟಿದ್ದರೂ ಅದಕ್ಕೇನೂ ಆಗಬೇಕಿಲ್ಲ. ತಂತ್ರಜ್ಞಾನದಲ್ಲಿ ಕಿನೆಕ್ಟ್ ಎಷ್ಟೋ ಮುಂದಿತ್ತು. ಆದರೆ ಚಿಕ್ಕ ಮನೆಗೆ ಹೊಂದಿಕೊಂಡದ್ದು ವೀ.

ಈಗ ಬೇರೆ ಅಂಗಡಿಯಲ್ಲಿದ್ದೇನೆ. ಮಕ್ಕಳು ಮೊಬೈಲ್ ಬಿಡ್ತಿಲ್ಲ, ಮೈ ಅಲ್ಲಾಡಿಸಿ ಆಡೋದು ಏನಾದ್ರೂ ಇದ್ಯಾ ಅಂತ ಕೇಳಿಕೊಂಡು ಬರುವ ತಂದೆತಾಯಿ ಜಾಸ್ತಿಯಾಗಿದ್ದಾರೆ. ನಿಂಟೆಂಡೊ ಸ್ವಿಚ್ ತೋರಿಸುತ್ತೇನೆ, ಅದರ ಚಿಕ್ಕ ಕಂಟ್ರೋಲರ್‌ಗಳು ಕೈಯಲ್ಲೇ ಇರುವುದರಿಂದ ಎಂಟಡಿಯ ತಾಪತ್ರಯ ಇಲ್ಲ. ರಿಂಗ್ ಫಿಟ್ ಅನ್ನೋ ವ್ಯಾಯಾಮದ ಆಟವನ್ನೂ ತೋರಿಸುತ್ತೇನೆ, ಬಳೆಯಾಕಾರದ ರಿಂಗ್ ಹಿಡಿದು ಒತ್ತಿ ಆಡುವಂಥದ್ದು. ಅದರಲ್ಲಿ ನಿಂತಲ್ಲೇ ಓಡುವುದೂ ಇದೆ. ಮಹಡಿ ಮನೆಯವರಿಗೆ ಸದ್ದು ಕಡಿಮೆ ಮಾಡುವ ಸೈಲೆಂಟ್ ಮೋಡ್ ಇದೆ, ಓಡುವ ಬದಲು ಮಂಡಿ ಬಗ್ಗಿಸಿದರೆ ಸಾಕು ಅಂತ ಹೇಳಿಕೊಡುತ್ತೇನೆ. ಮೊನ್ನೆ ಒಬ್ಬರಿಗೆ ಅದನ್ನೆಲ್ಲ ತೋರಿಸಿ ಮುಗಿಸಿದ ಮೇಲೆ ಮನೆಯಲ್ಲಿ ಅಜ್ಜಿ ತಾತ ಇದ್ದಾರಾ ಅಂತ ಕೇಳಿದೆ. ಇದ್ದಾರೆ, ಯಾಕೆ ಅಂದರು. ಭಾನುವಾರ ಅವರನ್ನೂ ಕರ್ಕೊಂಡ್ ಬನ್ನಿ, ಅವರೂ ಒಂದ್ಸಲ ಆಡಿ ನೋಡ್ಲಿ, ಆಮೇಲೆ ಬಿಲ್ ಮಾಡೋಣ ಅಂದೆ.