ಜೆರಾಕ್ಸ್ ಅಂಗಡಿ ಮೇಲೊಂದು ಕೇಸು

ನಿರಾಶ್ರಿತರ ಕಾನೂನಿನ ಮೇಲೊಂದು ಪುಸ್ತಕ ನೋಡುತ್ತಿದ್ದೆ ಇವತ್ತು. ಬೆಲೆ 95 ಪೌಂಡ್. ಹತ್ತು ಸಾವಿರ ರೂಪಾಯಿಗೂ ಜಾಸ್ತಿ! ಸುಮ್ನೆ ಟ್ಯಾಬ್ ಮುಚ್ಚಿದೆ.

ಆಗ ನೆನಪಾಗಿದ್ದು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿ. ಒಂದು ಪುಸ್ತಕದ ಒಂದು ಅಧ್ಯಾಯ, ಇನ್ನೊಂದರ ಹತ್ತಿಪ್ಪತ್ತು ಪುಟ. ಮೇಷ್ಟ್ರು ಓದಿ ಅಂದಿದ್ದನ್ನೆಲ್ಲ ಜೆರಾಕ್ಸ್ ಮಾಡಿ, ಬೈಂಡ್ ಹಾಕಿ ಹುಡುಗರಿಗೆ ಕೊಡುತ್ತಿದ್ದರು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು ಸೇರಿ, ಅನುಮತಿ ಇಲ್ಲದೆ ನಮ್ಮ ಪುಸ್ತಕ ಜೆರಾಕ್ಸ್ ಮಾಡುತ್ತಾರೆ ಅಂತ ಈ ಪುಟ್ಟ ಅಂಗಡಿ ಮೇಲೆ ದೆಹಲಿ ಹೈಕೋರ್ಟಿಗೆ ಹೋದರು. ಜೊತೆಗೆ ವಿಶ್ವವಿದ್ಯಾಲಯದ ಮೇಲೂ.

ಮಜಾ ಏನಂದರೆ, ಆ ಪುಸ್ತಕಗಳನ್ನು ಬರೆದವರಲ್ಲೇ ಹಲವರು ಈ ಕೇಸು ಬೇಡ ಅಂತ ಪತ್ರ ಬರೆದರು.

2016ರ ಸೆಪ್ಟೆಂಬರ್‌ನಲ್ಲಿ ತೀರ್ಪು ಅಂಗಡಿ ಪರ ಬಂತು. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಪಾಠದ ಕೆಲಸಕ್ಕೆ ವಿನಾಯಿತಿ ಇದೆ. ಅದು ಕ್ಲಾಸಿನಲ್ಲಿ ಮೇಷ್ಟ್ರು ಮಾತಾಡುವ ಹೊತ್ತಿಗೆ ಮಾತ್ರ ಅಲ್ಲ, ಇಡೀ ಸೆಮಿಸ್ಟರಿನ ಓದಿಗೂ ಸೇರುತ್ತದೆ ಅಂದರು ಜಡ್ಜ್. ಮೇಲ್ಮನವಿ ಆಯ್ತು. 2017ರಲ್ಲಿ ಪ್ರಕಾಶಕರೇ ಕೇಸು ವಾಪಸ್ ಪಡೆದರು.

ಇಂಥ ಪುಸ್ತಕ ಬರೆಯುವವರಿಗೆ ಸಂಬಳ ಕೊಡುವುದು ಹೆಚ್ಚಾಗಿ ಯೂನಿವರ್ಸಿಟಿ. ಕೊಳ್ಳುವುದೂ ಹೆಚ್ಚಾಗಿ ಯೂನಿವರ್ಸಿಟಿ ಲೈಬ್ರರಿಯೇ. ನಡುವೆ ಈ ಬೆಲೆ ಎಲ್ಲಿಂದ ಹುಟ್ಟುತ್ತದೋ!

ಇನ್ನು ನಾನು ನೋಡಿದ ಆ ಪುಸ್ತಕದ ವಿಷಯ. ನಿರಾಶ್ರಿತರ ರಕ್ಷಣೆಗಿರುವ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಬೈಲಕುಪ್ಪೆಯ ಟಿಬೆಟಿಯನ್ನರ ಕಾಗದಪತ್ರ ನೋಡುವ ವಕೀಲರಿಗೆ ಈ ಪುಸ್ತಕ ನನಗಿಂತ ಜಾಸ್ತಿ ಬೇಕು, ಅಲ್ವಾ? ಅವರಾದರೂ ಹತ್ತು ಸಾವಿರ ಕೊಟ್ಟು ತರಿಸುತ್ತಾರಾ?