ಹಿತ್ತಲ ಬಾಗಿಲು ಇಳಕಲ್ಲಿಗೆ ಹೋದ ಬೇಸಿಗೆ

ಬಾಗಲಕೋಟೆ ಕಡೆ ಹೊರಟವರಿಗೆ ಎಲ್ಲರೂ ಅದೇ ಪಟ್ಟಿ ಕೊಡುತ್ತಾರೆ. ಬಾದಾಮಿ ನೋಡಿ, ಐಹೊಳೆ ನೋಡಿ, ಪಟ್ಟದಕಲ್ಲು ಬಿಡಬೇಡಿ. ನಾನು ಐಹೊಳೆ, ಪಟ್ಟದಕಲ್ಲು ಮೊದಲು ನೋಡಿದ್ದು 2001ರ ಮೇ ತಿಂಗಳಲ್ಲಿ. ಹದಿನಾರು ವಯಸ್ಸು, ಎಸ್ಸೆಸ್ಸೆಲ್ಸಿ ಮುಗಿದಿತ್ತು. ಮೂತಿ ಉಬ್ಬಿಸಿಕೊಂಡೇ ನೋಡಿದೆ. ಬೇಸಿಗೆಯೆಲ್ಲ ಧಾರವಾಡದಲ್ಲಿ ಗೆಳತಿಯರ ಜೊತೆ ಸುತ್ತುವ ಲೆಕ್ಕ ಹಾಕಿದ್ದೆ. ಅವ್ವ ನನ್ನನ್ನು ಒಂದು ಮಾತೂ ಕೇಳಲಿಲ್ಲ. "ಆಯಿ ಮನಿ ಖಾಲಿ ಮಾಡಬೇಕು, ನಡಿ" ಅಂದಳು. ಅಷ್ಟೇ.

ಹುಬ್ಬಳ್ಳಿ, ನವಲಗುಂದ, ನರಗುಂದ. ಕರಿ ಹೊಲ ಬಿರುಕು ಬಿಟ್ಟು ಬಿದ್ದಿತ್ತು. ಕುಲಗೇರಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಅವ್ವ ಮಿರ್ಚಿ ಕೊಡಿಸಿದಳು. ನಾನು ತಿನ್ನಲಿಲ್ಲ. ಅವಳೇ ಎರಡೂ ತಿಂದಳು. ದಾರಿಯ ಬಗ್ಗೆ ಇದಕ್ಕಿಂತ ಜಾಸ್ತಿ ನೆನಪಿಲ್ಲ.

ಆಯಿ ಅಂದರೆ ಅವ್ವನ ತಾಯಿ. ಅವಳ ಮನೆ ಹಳೇ ಬಾಗಲಕೋಟೆಯಲ್ಲಿ, ಮುಳುಗಡೆಯ ಪಟ್ಟಿಯಲ್ಲಿದ್ದ ಓಣಿಯಲ್ಲಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ಅವ್ವ ತೊಟ್ಟಿಲಲ್ಲಿದ್ದಳಂತೆ. ಕೃಷ್ಣೆಗೆ ಕಟ್ಟುವ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಹಿಂದಕ್ಕೆ ಬಂದು ಊರು ಸೇರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. "ಮುಳುಗತೈತಿ, ಮುಳುಗತೈತಿ" ಅನ್ನುತ್ತಲೇ ಜನ ಮದುವೆ ಮಾಡಿದರು, ಮಾಳಿಗೆಗೆ ಮಣ್ಣು ಹಾಕಿಸಿದರು, ಮಕ್ಕಳನ್ನು ಹೆತ್ತರು. ತೊಟ್ಟಿಲಲ್ಲಿದ್ದ ಕೂಸಿಗೆ ಮಗಳು ಹುಟ್ಟಿ ಆ ಮಗಳು ಎಸ್ಸೆಸ್ಸೆಲ್ಸಿ ಬರೆಯುವ ಹೊತ್ತಿಗೆ ನೀರು ನಿಜವಾಗಿಯೂ ಬರತೊಡಗಿತ್ತು. ಮಂದಿ ಹಂತ ಹಂತವಾಗಿ ನವನಗರಕ್ಕೆ ಹೊರಟಿದ್ದರು. ಅಲ್ಲಿ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರ್.

ಊರು ಖಾಲಿ ಮಾಡುವುದು ಅಂದರೆ ಗಂಟು ಮೂಟೆ ಕಟ್ಟುವುದು ಅಂದುಕೊಂಡಿದ್ದೆ. ಅಲ್ಲ. ಮನೆಯನ್ನೇ ಬಿಚ್ಚುವುದು. ಪರಿಹಾರ ಎಷ್ಟೇ ಬರಲಿ, ಮುತ್ತಜ್ಜ ತಂದು ಹಾಕಿಸಿದ ಸಾಗವಾನಿ ತೊಲೆಯನ್ನು ನೀರಿಗೆ ಬಿಟ್ಟು ಹೋಗುವ ಮನಸ್ಸು ಯಾರಿಗಿರುತ್ತದೆ? ತೊಲೆ, ಜಂತಿ, ಕಿಟಕಿ, ಬಾಗಿಲು, ಚೌಕಟ್ಟು ಎಲ್ಲ ಕಿತ್ತು ಓಣಿಯಲ್ಲಿ ಸಾಲಾಗಿ ಒರಗಿಸುತ್ತಿದ್ದರು. ಬಾಗಿಲು ತೆಗೆದ ಮನೆಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದ್ದವು. ಮಧ್ಯಾಹ್ನ ಮಣ್ಣಿನ ಧೂಳು, ನಲವತ್ತು ಡಿಗ್ರಿಯ ಬಿಸಿಲು. ಯಾರೋ ಒಬ್ಬರು ಎಲ್ಲೋ ಅಳುತ್ತಲೇ ಇರುತ್ತಿದ್ದರು.

ಎದುರು ಮನೆ ಹುಡುಗನ ಹತ್ತಿರ ಒಂದು ಕೆಂಪು ಎಣ್ಣೆಬಣ್ಣದ ಡಬ್ಬಿ ಇತ್ತು. ಪಿಯುಸಿ ಮೊದಲ ವರ್ಷ ಮುಗಿಸಿದ್ದ. ಬಿಚ್ಚಿದ ಪ್ರತಿ ಬಾಗಿಲಿಗೂ ಅದರ ಚೌಕಟ್ಟಿಗೂ ಒಂದೇ ನಂಬರ್ ಬರೆಯುವುದು ಅವನ ಕೆಲಸ. ಯಾರೂ ಹೇಳಿದ್ದಲ್ಲ, ತಾನೇ ವಹಿಸಿಕೊಂಡಿದ್ದು. "ಬಾಗಿಲಾ ಚೌಕಟ್ಟಾ ಅದಲ ಬದಲ ಆದ್ರ ಮುಗೀತು. ಹೊಸಾ ಮನ್ಯಾಗ ಕೂಡೂದಿಲ್ಲ" ಅಂತ ನನಗೆ ತಿಳಿಸಿ ಹೇಳಿದ, ದೊಡ್ಡ ಇಂಜಿನಿಯರ್ ಹಾಗೆ. ಏಳನ್ನು ಬರೆಯುವಾಗ ನಡುವೆ ಒಂದು ಅಡ್ಡಗೆರೆ ಎಳೆಯುತ್ತಿದ್ದ. ನಾನು ಡಬ್ಬಿ ಹಿಡಿದುಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದೆ. ಸಂಜೆ ಇಬ್ಬರೂ ಕೈಗೆ ಹತ್ತಿದ ಬಣ್ಣವನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸಿಕೊಳ್ಳುತ್ತಿದ್ದೆವು. ಒಂದೇ ಅರಿವೆ. ನಮ್ಮ ಪ್ರೀತಿ ಅಂದರೆ ಇಷ್ಟೇ, ಈಗ ಹೇಳಿದರೆ ನಗು ಬರುತ್ತದೆ. ಆಗ ರಾತ್ರಿ ಮಾಳಿಗೆ ಮೇಲೆ ಮಲಗಿ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದೆ.

ಅವ್ವನ ಮೂಗು ಮೊದಲೇ ಚುರುಕು. "ಕೈ ಯಾಕ ಸೀಮೆಎಣ್ಣಿ ನಾರತಾವ?" ಅಂದಳು. ನಾನು "ಸ್ಟೋವ್ ಹಚ್ಚಿದ್ದೆ" ಅಂದೆ. "ಸ್ಟೋವ್ ನಿನ್ನೇನ ನವನಗರಕ್ಕ ಹೋಗೇತಿ" ಅಂದಳು. ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಆ ರಾತ್ರಿಯಿಂದ ತನ್ನ ಹಾಸಿಗೆಯನ್ನು ಮಾಳಿಗೆಯ ಅಂಚಿಗೆ, ನನಗೂ ಎದುರು ಮನೆಗೂ ನಡುವೆ ಹಾಸಿಕೊಂಡಳು. ಎರಡು ದಿನ ನಾವು ಮಾತಾಡಲಿಲ್ಲ. ಹಠದಲ್ಲಿ ನಾನು ಅವಳ ಮಗಳೇ.

ಮೂರನೇ ದಿನ ಮಾಮಾ ಪಡಸಾಲೆಯಲ್ಲಿ ಕೂತು ಪರಿಹಾರದ ಕಾಗದ ಓದುತ್ತಿದ್ದ. ಮನೆ ಅಜ್ಜನ ಹೆಸರಿನಲ್ಲಿತ್ತು, ಅಜ್ಜ ತೀರಿಕೊಂಡು ಆರು ವರ್ಷ. ವಾರಸುದಾರರೆಲ್ಲರ ಸಹಿ ಬೇಕಿತ್ತು. "ಹೆಂಡತಿ 1, ಗಂಡು 1, ಹೆಣ್ಣು 2" ಅಂತ ಓದಿದ. ನಾನು ಸುಮ್ನೆ ಬೆರಳು ಮಡಚಿದೆ. ಆಯಿ, ಮಾಮಾ, ಅವ್ವ. ಒಂದು ಬೆರಳು ಉಳಿಯಿತು.

"ಇನ್ನೊಬ್ಬಾಕಿ ಯಾರ?" ಅಂದೆ.

ಆಯಿ ಎದ್ದು ಒಳಗೆ ಹೋದಳು. ಮಾಮಾ ಕಾಗದ ಮಡಚಿದ. ಅವ್ವ ಜೋಳ ಹಸನು ಮಾಡುತ್ತಿದ್ದಳು, ಮೊರದಿಂದ ತಲೆ ಎತ್ತದೆ "ಸಹಿ ನಾ ತರ್ತೀನಿ" ಅಂದಳು. ಎಲ್ಲಿಂದ ಅಂತ ಮಾಮಾ ಕೇಳಲಿಲ್ಲ. ಅದೇ ನನಗೆ ವಿಚಿತ್ರ ಅನ್ನಿಸಿದ್ದು. ಒಳಗಿದ್ದ ಆಯಿಗೂ ಕೇಳುವ ಹಾಗೆ "ಸಂಗಮಕ್ಕ ಹೋಗಿ ಬರ್ತೀವಿ" ಅಂತ ಗಟ್ಟಿಯಾಗಿ ಹೇಳಿದಳು. ಮರುದಿನ ಬೆಳಗ್ಗೆ ಬಸ್‌ಸ್ಟ್ಯಾಂಡಿಗೆ ನನ್ನನ್ನು ಎಳೆದುಕೊಂಡು ಹೊರಟಳು. ಬಣ್ಣದ ಡಬ್ಬಿಯಿಂದ ದೂರ ಇಡಲಿಕ್ಕೆ ಅಂತ ನನಗೆ ಚೆನ್ನಾಗಿಯೇ ಗೊತ್ತಿತ್ತು.

ಅವ್ವ ವರ್ಷಕ್ಕೊಮ್ಮೆ ಒಬ್ಬಳೇ ಕೂಡಲಸಂಗಮಕ್ಕೆ ಹೋಗಿ ಬರುತ್ತಿದ್ದಳು. ಬರುವಾಗ ವಿಭೂತಿ ಉಂಡೆ, ಜೊತೆಗೆ "ಅಲ್ಲೇ ಅಂಗಡ್ಯಾಗ ಚಲೋ ಸಿಕ್ತು" ಅಂತ ಒಂದು ಇಳಕಲ್ ಸೀರೆ. ನಮ್ಮಪ್ಪನೂ ಏನೂ ಕೇಳುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಕೇಳದೇ ಇರುವುದು ಒಂದು ವಿದ್ಯೆ.

ಕಮತಗಿ ದಾಟಿ ಅಮೀನಗಡದಲ್ಲಿ ಇಳಿದು ಒಂದು ಕಿಲೋ ಕರದಂಟು ಕಟ್ಟಿಸಿದಳು. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಹಾಕಿ ಮಾಡುವ ಇದು ಬಾಣಂತಿಯರಿಗೂ ಪೈಲ್ವಾನರಿಗೂ ಒಳ್ಳೆಯದು ಅನ್ನುತ್ತಾರೆ. "ಸಂಗಮನಾಥಗ ಕರದಂಟಾ?" ಅಂದೆ. ಆ ಮುನಿಸಿನ ನಂತರ ನಾನು ನೇರವಾಗಿ ಅವ್ವನಿಗೆ ಆಡಿದ ಮೊದಲ ಮಾತು. ಅವ್ವನ ತುಟಿ ಸ್ವಲ್ಪ ಅಲುಗಾಡಿತು. ಹುನಗುಂದದಲ್ಲಿ ಸಂಗಮದ ಬಸ್ಸು ನಿಂತೇ ಇತ್ತು. ನಾವು ಹತ್ತಲಿಲ್ಲ.

ಇಳಕಲ್ಲಿನಲ್ಲಿ ಇಳಿದಾಗ ಅವ್ವ ಯಾರನ್ನೂ ದಾರಿ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಎಡಕ್ಕೆ, ಹಿಟ್ಟಿನ ಗಿರಣಿಯ ಹತ್ತಿರ ಬಲಕ್ಕೆ, ನಲ್ಲಿ ದಾಟಿ ಎರಡನೇ ಸಂದಿ. ತರಕಾರಿ ಮಾರುವವಳು "ಈ ಸರ್ತಿ ಲಗೂನ ಬಂದ್ರಲ್ರಿ ಅಕ್ಕಾರ" ಅಂದಳು. ಅವ್ವ ನನ್ನ ಮುಖ ನೋಡಲಿಲ್ಲ. ಸಂದಿಯ ತುಂಬ ಮಗ್ಗದ ಸದ್ದು, ಟಕ್ ಟಕಾ ಟಕ್ ಅಂತ, ಒಂದು ಮನೆ ಬಿಟ್ಟರೆ ಇನ್ನೊಂದು ಮನೆ.

ಬಾಗಿಲಲ್ಲಿ ನಿಂತವಳಿಗೆ ಅವ್ವನದೇ ಮುಖ. ಆದರೆ ಅವ್ವ ಹಾಗೆ ಬಾಯಿ ತುಂಬ ನಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. "ಕರಕೊಂಡ ಬಂದ್ಯೇನ ಇಕೀನ್ನ!" ಅಂತ ನನ್ನ ಎರಡೂ ಕೆನ್ನೆಗೆ ಕೈಯೊರೆಸಿ ಬೆರಳು ನೆಟಿಕೆ ಮುರಿದಳು. ದೊಡ್ಡವ್ವ. ಬೇರೆ ಜಾತಿಯ ನೇಕಾರನ ಜೊತೆ 1978ರಲ್ಲಿ ಮನೆ ಬಿಟ್ಟು ಹೋದವಳು. ಅಜ್ಜ ಅವಳು ಸತ್ತಳು ಅಂತ ತಲೆಯ ಮೇಲೆ ನೀರು ಹಾಕಿಕೊಂಡಿದ್ದನಂತೆ.

ದೊಡ್ಡಪ್ಪ ಕುಣಿಮಗ್ಗದಲ್ಲಿ ಸೊಂಟದ ತನಕ ಇಳಿದು ಕೂತಿದ್ದ. ಎದ್ದು ಬರಲಿಕ್ಕಾಗದೆ ಅಲ್ಲಿಂದಲೇ ಕೈ ಮುಗಿದ. ಇಳಕಲ್ ಸೀರೆಯ ಸೆರಗು ಮೈಯ ಜೊತೆಗೆ ಒಂದೇ ಹಾಸಿನಲ್ಲಿ ಬರುವುದಿಲ್ಲ ಅಂತ ನನಗೆ ಗೊತ್ತಾಗಿದ್ದು ಅವತ್ತು. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ದೊಡ್ಡವ್ವ ಗೋಡೆಗೆ ಒರಗಿ ಕೂತು ಕೊಂಡಿ ಹಾಕುತ್ತಿದ್ದಳು. ಬೆರಳು ನೋಡುತ್ತಿರಲಿಲ್ಲ, ಮಾತು ನಿಲ್ಲಿಸುತ್ತಿರಲಿಲ್ಲ. ಕೆಂಪಿನ ಮೇಲೆ ಬಿಳಿಯ ಟೋಪ ತೆನಿ ಸೆರಗು, ಮೈ ಕಡುನೀಲಿ. ಅವ್ವ ಉಟ್ಟುಕೊಂಡು ಬಂದಿದ್ದೂ ಅದೇ. ಸಂಗಮದ ಅಂಗಡಿ ಯಾವುದು ಅಂತ ಈಗ ಗೊತ್ತಾಯಿತು.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮಾವಿನಹಣ್ಣಿನ ಸೀಕರಣಿ. ಊಟ ಆದ ಮೇಲೆ ಅವ್ವ ಕಾಗದ ಬಿಚ್ಚಿದಳು. ದೊಡ್ಡವ್ವ ಓದಲೂ ಇಲ್ಲ, ಸಹಿ ಮಾಡಿದಳು. "ರೊಕ್ಕ ಬ್ಯಾಡ. ನಿಮ್ಮ ಪಾಲಿಗೇ ಇರಲಿ. ಹಿತ್ತಲ ಬಾಗಲಾ ಒಂದ ಕೊಡ್ರಿ ನನಗ."

ಆ ಬಾಗಿಲು ನನಗೆ ಗೊತ್ತಿತ್ತು. ನಂಬರ್ 17, ಏಳಿಗೆ ಅಡ್ಡಗೆರೆ. ಗಿಡ್ಡ ಬಾಗಿಲು, ಕೆಳಗೆ ಗೆದ್ದಲು ತಿಂದಿತ್ತು. ಅದ್ಯಾಕೆ ಬೇಕು ಅಂದೆ.

"ಅದರಾಗ ಹಾದ ಬಂದೀನಲ್ಲ" ಅಂತ ನಕ್ಕಳು. "ರಾತ್ರಿ ನಿಮ್ಮಜ್ಜ ಕೀಲಿ ಹಾಕಿ ಕೀಲಿಕೈ ತಲಿದಿಂಬಿಗೆ ಇಟ್ಕೊಂಡ ಮಲಗತಿದ್ದ. ಕೀಲಿಕೈ ತಗದು ಚಿಲಕಾ ಸರಿಸಿದಾಕಿ ಯಾರಂತಿ? ಹದಿನೈದು ವರ್ಷದ ಹುಡುಗಿ. ಗಡಗಡ ನಡಗತಿತ್ತು."

ಅವ್ವ ಲೋಟ ತೊಳೆಯುವ ನೆವದಲ್ಲಿ ಎದ್ದು ಹೋದಳು. ಲೋಟ ತೊಳೆದೇ ಇಟ್ಟಿತ್ತು. ಆ ರಾತ್ರಿಯ ನಂತರ ಅಜ್ಜ ಅವಳನ್ನು ಶಾಲೆ ಬಿಡಿಸಿದ್ದು ಕೂಡ ದೊಡ್ಡವ್ವ ಹೇಳಿಯೇ ನನಗೆ ಗೊತ್ತಾಯಿತು. ಓದಿನಲ್ಲಿ ತನಗೇ ಮನಸ್ಸಿರಲಿಲ್ಲ ಅಂತ ಅವ್ವ ನನಗೆ ಹೇಳಿದ್ದಳು. ಅವಳು ಮಾಳಿಗೆಯ ಅಂಚಿನಲ್ಲಿ ಹಾಸಿದ ಹಾಸಿಗೆ ನೆನಪಾಗಿ ನನಗೆ ಸೀಕರಣಿ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ನೇರ ವಾಪಸ್ ಹೋಗಬೇಕಿತ್ತು. ಬಸ್‌ಸ್ಟ್ಯಾಂಡಿಗೆ ಕಳಿಸಲು ಬಂದ ದೊಡ್ಡವ್ವ ನಮ್ಮ ಜೊತೆ ಬಸ್ಸು ಹತ್ತಿಯೇ ಬಿಟ್ಟಳು. ಇಪ್ಪತ್ತಮೂರು ವರ್ಷದಲ್ಲಿ ಅಕ್ಕತಂಗಿ ಇಬ್ಬರೂ ಆ ಸಂದಿ ಬಿಟ್ಟು ಬೇರೆಲ್ಲೂ ಜೊತೆಗೆ ಹೋಗಿರಲಿಲ್ಲವಂತೆ. ಹೀಗೆ ಅಮೀನಗಡದಿಂದ ಐಹೊಳೆಗೆ ಹೋದೆವು. ದುರ್ಗ ಗುಡಿಯಲ್ಲಿ ಅವ್ವ ದುರ್ಗವ್ವನಿಗೆ ಅಂತ ಹೂ ತೆಗೆದಳು. ಆ ಹೆಸರು ದೇವಿಯದಲ್ಲ, ಹತ್ತಿರದ ಕೋಟೆಯಿಂದ ಬಂದದ್ದು ಅಂತ ಅಲ್ಲಿದ್ದವರು ಹೇಳಿದಾಗ ಹೂ ದೊಡ್ಡವ್ವನ ತಲೆಗೆ ಹೋಯಿತು. ಮೇಗುತಿಯ ಬೆಟ್ಟ ಹತ್ತಿದ್ದು ನಾನೊಬ್ಬಳೇ. ರವಿಕೀರ್ತಿ 634ರಲ್ಲಿ ಪುಲಕೇಶಿಯ ಹೊಗಳಿಕೆ ಕೆತ್ತಿಸಿದ ಕಲ್ಲು ಅಲ್ಲೇ ಇರುವುದು. ಅದರ ಹತ್ತಿರ ನಿಂತು ನಾನು ಯೋಚಿಸಿದ್ದು ಕೆಂಪು ಬಣ್ಣದ ಡಬ್ಬಿಯ ಬಗ್ಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಪಟ್ಟದಕಲ್ಲಿಗೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಮಲಪ್ರಭೆಯಲ್ಲಿ ಮೊಳಕಾಲಿನಷ್ಟು ನೀರು. ಅಲ್ಲಿ ಗೈಡ್ ಒಬ್ಬರು ಶಾಲೆ ಮಕ್ಕಳಿಗೆ ಹೇಳುತ್ತಿದ್ದರು: ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದು ಬಂದ. ಅದರ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಅವಳ ತಂಗಿ ತ್ರೈಲೋಕ್ಯಮಹಾದೇವಿ ಮಲ್ಲಿಕಾರ್ಜುನ ಗುಡಿ ಕಟ್ಟಿಸಿದಳು. ಅಕ್ಕತಂಗಿ ಇಬ್ಬರೂ ಒಬ್ಬನೇ ರಾಜನ ಹೆಂಡಂದಿರು. ಗುಡಿಗಳೂ ಹಾಗೇ, ಪಕ್ಕಪಕ್ಕದಲ್ಲಿ, ಅಕ್ಕನದು ಸ್ವಲ್ಪ ದೊಡ್ಡದು.

"ನೋಡ, ಅಕ್ಕಂದು ದೊಡ್ಡದು" ಅಂದಳು ದೊಡ್ಡವ್ವ.

"ಹೌದ, ಕೀಲಿಕೈ ಕದ್ದಾಕಿ ತಂಗಿ, ಹೆಸರು ಅಕ್ಕಂದು" ಅಂದಳು ಅವ್ವ. ಇಬ್ಬರೂ ಕೆಂಪುಕಲ್ಲಿನ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಶಾಲೆ ಮಕ್ಕಳು ತಿರುಗಿ ನೋಡಿದರು. ಉಳಿದ ಕರದಂಟು ಅಲ್ಲೇ ಮುಗಿಯಿತು. ದೊಡ್ಡವ್ವ ಇಳಕಲ್ ಕಡೆಗೆ ಹೊರಟಳು, ನಾವು ಬಾದಾಮಿಗೆ. 22 ಕಿಲೋಮೀಟರ್. ಬಾದಾಮಿಯ ಗುಹೆಗಳನ್ನು ಕತ್ತಲಲ್ಲಿ ಬಸ್ಸಿನ ಕಿಟಕಿಯಿಂದ ಎಲ್ಲಿವೆ ಎಲ್ಲಿವೆ ಅಂತ ಹುಡುಕಿದ್ದಷ್ಟೇ.

ಬಾಗಲಕೋಟೆಗೆ ಬಂದ ಮರುದಿನ ಸಂಜೆ ಎದುರು ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಅವರೂ ಹೊರಟಿದ್ದರು. ನಾನು ಕಂಬ ಹಿಡಿದು ನಿಂತೆ. ಅವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದ್ದಳು, ಹಿಟ್ಟು ನಾದುತ್ತಿದ್ದಳು.

"ಹೋಗು" ಅಂದಳು. "ಹತ್ತು ರೊಟ್ಟಿ ಬಡಿಯೂದ್ರಾಗ ಬರಬೇಕು."

ಹೋದೆ. ಅವನಿಗೆ ಹೇಳಲು ಎಷ್ಟೋ ಇತ್ತು. ಬಾಯಿಗೆ ಬಂದದ್ದು ಮಾತ್ರ "ಹದಿನೇಳನೇ ನಂಬರ್ ಬಾಗಿಲಾ ಇಳಕಲ್ಲಿಗೆ ಹೊಂಟೈತಿ" ಅಂತ.

"ಚೌಕಟ್ಟ?" ಅಂದ.

"ಬಾಗಿಲಾ ಅಷ್ಟ ಕೇಳ್ಯಾರ."

"ಚೌಕಟ್ಟ ಇಲ್ದ ಬಾಗಿಲಾ ಒಯ್ದ ಏನ್ ಮಾಡ್ತಾರ?" ಹಾರೆ ತೆಗೆದುಕೊಂಡು ನಮ್ಮ ಹಿತ್ತಲಿಗೆ ಬಂದ. ಗೋಡೆಯಲ್ಲಿ ಉಳಿದಿದ್ದ ಚೌಕಟ್ಟನ್ನು ಮೀಟಿ, ಮೀಟಿ, ಒಂದು ಮೊಳೆಯೂ ಮುರಿಯದ ಹಾಗೆ ಬಿಡಿಸಿದ. ಅವನ ಮನೆಯವರು ಟ್ರ್ಯಾಕ್ಟರಿನಿಂದ ಕೂಗುತ್ತಿದ್ದರು. ಡಬ್ಬಿಯ ತಳದಲ್ಲಿದ್ದ ಬಣ್ಣವನ್ನು ಕುಂಚದಿಂದ ಕೆರೆದು ಚೌಕಟ್ಟಿನ ಮೇಲೆ 17 ಬರೆದ. ಈ ಸಲ ಏಳಿನ ಅಡ್ಡಗೆರೆ ನನಗೆ ಹಾಕಲು ಕೊಟ್ಟ. ಆಮೇಲೆ ಟ್ರ್ಯಾಕ್ಟರ್ ಹತ್ತಿ ಸೆಕ್ಟರ್ ನಂಬರ್ ಕೂಗಿ ಹೇಳಿದ. ಇಂಜಿನ್ ಸದ್ದಿನಲ್ಲಿ ನನಗೆ ಏನು ಕೇಳಿಸಿತೋ. ಮುಂದಿನ ವರ್ಷ ನವನಗರದಲ್ಲಿ ನಾನು ಹುಡುಕಿದ ಸೆಕ್ಟರಿನಲ್ಲಿ ಅವರ ಮನೆ ಇರಲಿಲ್ಲ. ಬಾಗಿಲು ಮಾತ್ರ ಇಳಕಲ್ಲಿನ ಮಗ್ಗದ ಕೋಣೆಗೆ ಸರಿಯಾಗಿ ಕೂತಿದೆ.

ಒಲೆಯ ಹತ್ತಿರ ಬಂದಾಗ ಬುಟ್ಟಿಯಲ್ಲಿ ಹದಿನಾಲ್ಕು ರೊಟ್ಟಿ ಇದ್ದವು. ಅವ್ವ ಹದಿನೈದನೆಯದನ್ನು ಹಂಚಿಗೆ ಹಾಕುತ್ತಿದ್ದಳು. ನನ್ನ ಬೆರಳು ನೋಡಿದಳು.

"ಸೀಮೆಎಣ್ಣಿ ಬಾಟಲಿ ಆ ಕಟ್ಟಿ ಮ್ಯಾಲೈತಿ" ಅಂದಳು. "ಕೈ ತೊಳಕೊಂಡ ಉಣ್ಣಾಕ ಬಾ."