ಮಾರ್ಟರ್‌ಗೆ ಕಣ್ಣಿಲ್ಲ

ಯುದ್ಧದ ಗೇಮ್‌ಗಳಲ್ಲಿ ಯಾವ ಆಯುಧಕ್ಕೆ ಎಷ್ಟು ಬಲ ಕೊಡಬೇಕು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಎರಡನೇ ಮಹಾಯುದ್ಧದ, ಅಂದರೆ 1944ರ ಫ್ರಾನ್ಸಿನ ನಾರ್ಮಂಡಿಯ ಗೇಮ್ ಮಾಡುವಾಗ ಅಮೆರಿಕನ್ನರ 81 ಮಿಲಿಮೀಟರ್ ಮಾರ್ಟರ್, ಅಂದರೆ ಬಾಂಬನ್ನು ಮೇಲಕ್ಕೆ ಚಿಮ್ಮಿಸುವ ಕೊಳವೆಯಂಥ ತೋಪು, ನನ್ನ ಪಾಲಿಗೆ ಬಂತು. ಅಂಕಿಗಳನ್ನು ಸರಿಯಾಗಿಯೇ ತುಂಬಿದೆ. ಹಗುರ ಬಾಂಬ್ 3 ಕಿಲೋ ಚಿಲ್ಲರೆ, ಹೋಗುವ ದೂರ ಸುಮಾರು 3 ಕಿಲೋಮೀಟರ್, ನಿಮಿಷಕ್ಕೆ 18. ಆದರೆ ಪರೀಕ್ಷೆಗೆ ಕೊಟ್ಟ ಮೊದಲ ವಾರವೇ ನಮ್ಮ ಹುಡುಗರು ಬೇರೆ ಏನನ್ನೂ ಕೊಳ್ಳದೆ, ಆರು ಮಾರ್ಟರ್‌ಗಳನ್ನು ಹಿಂದೆ ಸಾಲಾಗಿ ಇಟ್ಟು, ಟೀ ಕುಡಿಯುತ್ತಾ ಗೆದ್ದುಬಿಟ್ಟರು.

ಹೊಡೆತದ ಬಲ ಅರ್ಧ ಮಾಡಿದೆ. ಆಗ ಯಾರೂ ಅದನ್ನು ಮುಟ್ಟಲೇ ಇಲ್ಲ. ಹೀಗೆ ಏರಿಸಿ ಇಳಿಸಿ ಮೂರು ವಾರ ಹಾಳಾಯಿತು.

ಕೊನೆಗೆ ಪಕ್ಕದ ಸೀಟಿನವರು ಕೇಳಿದರು, "ಬೇಲಿ ಆಚೆ ಏನಿದೆ ಅಂತ ಆ ಮಾರ್ಟರ್‌ನವನಿಗೆ ಹೇಳಿದ್ದು ಯಾರು ಮಾರಾಯ್ರೆ?"

ಅಲ್ಲೇ ಇತ್ತು ಎಡವಟ್ಟು. ನಾರ್ಮಂಡಿಯ ಹೊಲಗಳ ಸುತ್ತ ಮಣ್ಣಿನ ದಿಬ್ಬ, ಅದರ ಮೇಲೆ ದಟ್ಟ ಗಿಡಗಂಟಿ. ರೈಫಲ್ ಗುಂಡು ಅಲ್ಲೇ ನಿಲ್ಲುತ್ತದೆ. ಮಾರ್ಟರ್ ಬಾಂಬ್ ಮೇಲೆದ್ದು ಆಚೆ ಬೀಳುತ್ತದೆ, ಅದರ ದೊಡ್ಡಸ್ತಿಕೆಯೇ ಅದು. ಆದರೆ ಹೊಡೆಯುವವನಿಗೆ ಗುರಿ ಕಾಣುವುದಿಲ್ಲ. ಮುಂದೆ ಕೂತ ಒಬ್ಬ ವೀಕ್ಷಕ ಫೋನಿನಲ್ಲೋ ರೇಡಿಯೊದಲ್ಲೋ ಹೇಳಬೇಕು, ಮೊದಲ ಬಾಂಬ್ ಎಲ್ಲೋ ಬೀಳುತ್ತದೆ, ಗುರಿ ದೂರವಿದ್ದರೆ ಬೀಳುವುದಕ್ಕೇ 20 ಸೆಕೆಂಡಿಗಿಂತ ಜಾಸ್ತಿ ಬೇಕು, ಅವನು ತಿದ್ದಬೇಕು, ಮತ್ತೆ ಹೊಡೆಯಬೇಕು. ನಮ್ಮ ಗೇಮಿನಲ್ಲಿ ಒಬ್ಬ ಸಿಪಾಯಿ ನೋಡಿದರೆ ಸಾಕು, ಆರೂ ಮಾರ್ಟರ್‌ಗಳಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು!

ಇನ್ನು ಬಾಂಬುಗಳು. ನಿಮಿಷಕ್ಕೆ 18 ಅಂದರೆ ಸುಮಾರು 55 ಕಿಲೋ. ಎರಡು ನಿಮಿಷ ಬಿಡದೆ ಹೊಡೆದರೆ ಒಂದು ಕ್ವಿಂಟಾಲ್ ದಾಟಿತು, ಅದನ್ನೆಲ್ಲ ಯಾರೋ ತಂದು ಹಾಕಬೇಕಲ್ವಾ? ನಾನು ಸುಮ್ನೆ ಅನಂತ ಅಂತ ಬರೆದಿದ್ದೆ.

ಈ ಎರಡನ್ನು ಸರಿ ಮಾಡಿದ ಮೇಲೆ ಉಳಿದದ್ದು ಸಣ್ಣಪುಟ್ಟ ಕೆಲಸ. ನೂರು ಗಜದೊಳಗೆ ನುಗ್ಗಿದವನ ಮೇಲೆ ಹೊಡೆಯುವಂತಿಲ್ಲ. ಕೊಂಬೆಗಳ ಕೆಳಗೆ ನಿಂತು ಹೊಡೆದರೆ ನಮ್ಮ ತಲೆ ಮೇಲೇ ಸಿಡಿದೀತು. ಮೆತ್ತನೆ ಕೆಸರಿನಲ್ಲಿ ಬಿದ್ದ ಬಾಂಬಿನ ಚೂರುಗಳು ಅಷ್ಟಾಗಿ ಹಾರುವುದಿಲ್ಲ. ಹೊಗೆ ಬಾಂಬನ್ನೂ ಸೇರಿಸಿದೆ, ಬಯಲು ದಾಟುವವರಿಗೆ ಅದರಷ್ಟು ಉಪಕಾರ ಬೇರೆ ಇಲ್ಲ. ಆದರೆ ಶತ್ರು ಸಾಯುವುದು ಕಾಣಿಸದ ಕಾರಣ ಆಡುವವರು ಅದನ್ನು ಈಗಲೂ ಮೂಸಿ ನೋಡುವುದಿಲ್ಲ.

ಈಗ ಹುಡುಗರು ಎರಡೇ ಮಾರ್ಟರ್ ಕೊಳ್ಳುತ್ತಾರೆ. ಚರ್ಚಿನ ಗೋಪುರ ಕಂಡರೆ ವೀಕ್ಷಕ ಇದ್ದಾನು ಅಂತ ಮೊದಲು ಅದಕ್ಕೇ ಗುಂಡು ಹಾರಿಸುತ್ತಾರೆ. ಹೊಡೆತದ ಬಲ ಮಾತ್ರ ನಾನು ಮೊದಲ ದಿನ ಬರೆದಷ್ಟೇ ಇದೆ.